ಬಲಕ್ಕೆ ವಾಲಿದ ಕಲ್ಲು

ಸುತ್ತಲೂ ನೀರಿರುವ ನೆಲವೇ ದ್ವೀಪ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಆ ವ್ಯಾಖ್ಯೆಯನ್ನು ನಾನು ಒಪ್ಪುವುದಿಲ್ಲ. ಸುತ್ತ ಏನಿದೆ ಎನ್ನುವುದಕ್ಕಿಂತ ಅದನ್ನು ದಾಟಲು ಆಗುತ್ತದೋ ಇಲ್ಲವೋ ಎನ್ನುವುದು ಮುಖ್ಯ. ಈಜು ಬಲ್ಲವನಿಗೆ ಹೊಳೆಯ ನಡುವಿನ ದಿಬ್ಬ ದ್ವೀಪವೇ ಅಲ್ಲ. ಎಂಬತ್ತು ದನಗಳಿಗೆ ಶೇಂಗಾ ಬಿತ್ತಿದ ಹೊಲ ಸಮುದ್ರ.

ಆ ಎಂಬತ್ತು ದನ ನನ್ನ ಅವ್ವನ ತವರುಹಟ್ಟಿಯವು. ರಾಂಪುರದ ನಮ್ಮ ಮನೆಯಿಂದ ಒಂದು ಗಂಟೆ ನಡೆದರೆ ಹಟ್ಟಿ ಸಿಗುತ್ತದೆ, ಹಟ್ಟಿಯ ಬೆನ್ನಿಗೆ ಗುಡ್ಡ. ಹಸು, ಕರು ಸೇರಿ ಎಲ್ಲವನ್ನೂ ದೇವರ ಎತ್ತುಗಳು ಎನ್ನುತ್ತಾರೆ. ಅವುಗಳನ್ನು ಹೂಡುವುದಿಲ್ಲ, ಮಾರುವುದಿಲ್ಲ, ಸತ್ತರೆ ಮಣ್ಣು ಮಾಡುತ್ತಾರೆ. ಕಾಯುವವನನ್ನು ಕಿಲಾರಿ ಎನ್ನುತ್ತಾರೆ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕಿಲಾರಿ ನನ್ನ ಸೋದರಮಾವನಾಗಿದ್ದ.

ಗುಡ್ಡದ ಬಗ್ಗೆ ಎರಡು ಮಾತು ಹೇಳಲೇಬೇಕು, ಇಲ್ಲದಿದ್ದರೆ ಮಾವ ಅರ್ಥವಾಗುವುದಿಲ್ಲ. ಚಳ್ಳಕೆರೆಯ ಕಾಲೇಜಿನಲ್ಲಿ ನಮಗೆ ಭೂವಿಜ್ಞಾನ ಹೇಳುತ್ತಿದ್ದ ಮೇಷ್ಟ್ರು ಇಂಥವನ್ನು ದ್ವೀಪಗುಡ್ಡ ಎನ್ನುತ್ತಿದ್ದರು. ನಾವೆಲ್ಲ ಗುಡ್ಡ ನೆಲದಿಂದ ಮೇಲೆದ್ದಿದೆ ಅಂದುಕೊಂಡಿದ್ದೆವು. ಅವರು ಅದನ್ನು ತಿರುಗಿಸಿ ಹೇಳಿದರು: ಗುಡ್ಡ ಎಲ್ಲೂ ಏಳಲಿಲ್ಲ, ಸುತ್ತಲಿನ ನೆಲ ಸವೆದು ಇಳಿದುಹೋಯಿತು. ಬಿರುಕು ಹೆಚ್ಚಿದ್ದ ಕಲ್ಲು ಕೊಳೆತು ಮಣ್ಣಾಗಿ ಹರಿದುಹೋಯಿತು, ಬಿರುಕಿಲ್ಲದ ಗ್ರಾನೈಟ್ ಇದ್ದಲ್ಲೇ ಉಳಿಯಿತು. ಮೇಲಿನ ಭಾರ ಕಳೆದದ್ದಕ್ಕೆ ಬಂಡೆ ಈರುಳ್ಳಿಯ ಹಾಗೆ ಪೊರೆ ಪೊರೆಯಾಗಿ ಬಿಡಿಸಿಕೊಳ್ಳುತ್ತದೆ. ಪೊರೆಯ ಮೇಲೆ ತಗ್ಗಾದಲ್ಲಿ ಮಳೆನೀರು ನಿಂತು ದೊಣೆಯಾಗುತ್ತದೆ. ಹಟ್ಟಿಯ ಗುಡ್ಡದಲ್ಲಿ ಅಂಥ ಏಳು ದೊಣೆಗಳಿದ್ದವು. ಬಂಡೆಯ ಸಂದುಗಳಲ್ಲಿ ಹುಲ್ಲಿತ್ತು.

ಮುಂಗಾರಿಗೆ ಬಯಲೆಲ್ಲ ಬಿತ್ತನೆ. ಅಲ್ಲಿಂದ ಸುಗ್ಗಿಯವರೆಗೆ ದನಕ್ಕೆ ಬಯಲಿನಲ್ಲಿ ಕಾಲಿಡಲು ಜಾಗವಿಲ್ಲ. ಹುಲ್ಲು, ನೀರು ಎರಡೂ ಇರುವುದು ಗುಡ್ಡದ ಮೇಲೆ ಮಾತ್ರ. ಹಾಗಾಗಿ ಬಿತ್ತನೆಯ ಮುಂಚೆ ದನ ಗುಡ್ಡ ಹತ್ತುತ್ತಿದ್ದವು, ಬೆಳೆ ಕಿತ್ತ ಮೇಲೆ ಇಳಿಯುತ್ತಿದ್ದವು. ಮಾವನೂ ಅಷ್ಟೇ. ಆ ತಿಂಗಳುಗಳಲ್ಲಿ ಕಿಲಾರಿ ಕೆಳಗಿಳಿಯುವ ಹಾಗಿಲ್ಲ. ಹಟ್ಟಿಯ ಒಂದೊಂದು ಮನೆಯವರು ಸರದಿಯ ಮೇಲೆ ಮುದ್ದೆ, ಸಾರು ತಂದು ಗುಡ್ಡದ ಬುಡದಲ್ಲಿ ಇಟ್ಟು ಕೂಗುತ್ತಿದ್ದರು. ಮೇಲೆ ಹೋಗುವವರು ಬರಿಗಾಲಲ್ಲೇ ಹೋಗಬೇಕು. ಕಬ್ಬಿಣ ಒಯ್ಯಬಾರದು. ಕುಡುಗೋಲು, ಮಚ್ಚು, ಬೀಗದ ಕೈ ಯಾವುದೂ ಕೂಡದು. ಕಿಲಾರಿಗೆ ಮದುವೆಯಿಲ್ಲ.

ಇದೆಲ್ಲ ದೇವರ ಕಟ್ಟಳೆ ಎಂದು ಮಾವ. ಬಂಡೆಯ ಕಟ್ಟಳೆ ಎಂದು ನಾನು. ಕಬ್ಬಿಣ ಯಾಕೆ ಕೂಡದು? ಪೊರೆಗಲ್ಲಿಗೆ ಒಂದು ಉಳಿಯ ಪೆಟ್ಟು ತಪ್ಪಿ ಬಿದ್ದರೆ ಸೀಳು ಉದ್ದಕ್ಕೂ ಓಡಿ ದೊಣೆಯ ನೀರು ಸೋರಿಹೋಗುತ್ತದೆ. ಯಾವಾಗಲೋ ಒಮ್ಮೆ ಹಾಗಾಗಿರಬೇಕು, ಅದೇ ನಿಯಮವಾಯಿತು. ಚರ್ಚಾಸ್ಪರ್ಧೆಗಳಲ್ಲಿ ಫಲಕ ಗೆದ್ದು ಬಂದ ಹೊಸದರಲ್ಲಿ ಇದನ್ನು ಮಾವನಿಗೆ ಬಿಡಿಸಿ ಹೇಳಿದ್ದೆ. ಅವನು ಕೊನೆಯವರೆಗೂ ಕೇಳಿ ನಕ್ಕಿದ್ದ.

“ಅಲ್ಲಲೇ ಅಳಿಯಾ, ನೀರು ಸೋರ್ತೈತೆ ಅಂತ ಬರೇ ನೀರಿನ ಮಾತು ಹೇಳಿದ್ರೆ ನೀನು ಕೇಳ್ತಿದ್ದೇನು? ಕುಡುಗೋಲು ತಗೊಂಡೇ ಹತ್ತುತಿದ್ದೆ. ದೇವರು ಅಂದಿದ್ದಕ್ಕೆ ಕೆಳಗಿಟ್ಟು ಬಂದೆ.”

“ನಾನು ದೇವರಿಗೆ ಹೆದರಿ ಇಟ್ಟಿಲ್ಲ ಮಾವ, ನೀನು ಬೈತೀಯ ಅಂತ ಇಟ್ಟೆ.”

“ಹೂಂ, ಅದನ್ನೂ ಬರ್ಕೋ ಹಂಗಾದ್ರೆ. ದೇವರಿಗಿಂತ ಕಿಲಾರಿ ಬಿರುಸು ಅಂತ.”

ಮಾವನಿಗೆ ಓದು ಬರೆಹ ಬರುತ್ತಿರಲಿಲ್ಲ. ಆದರೆ ನಾನು ನೋಡಿದ ಎದುರಾಳಿಗಳಲ್ಲೆಲ್ಲ ಅವನೇ ಗಟ್ಟಿ. ಸುಗ್ಗಿಯಲ್ಲಿ ಗುಡ್ಡ ಇಳಿದು ಬಂದವನು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಅವ್ವ ಕೊಟ್ಟ ಚಹಾ ಆರುವ ಮುಂಚೆಯೇ, “ಹೋದ ಸಲ ನೀನು ಅಂದಿದ್ದಕ್ಕೆ ಉತ್ತರ ಸಿಕ್ತು ಕಣಲೇ” ಅನ್ನುತ್ತಿದ್ದ. ಐದು ತಿಂಗಳು ಒಂದೇ ಪ್ರಶ್ನೆಯನ್ನು ದನಗಳ ಹಾಗೆ ಮೆಲುಕು ಹಾಕಿ ತಂದಿರುತ್ತಿದ್ದ. ಎಷ್ಟೋ ಸಲ ಅವನದೇ ಸರಿಯಿರುತ್ತಿತ್ತು. ಆಗ ನಾನು ಮಾತು ತಿರುಗಿಸುತ್ತಿದ್ದೆ. ಚರ್ಚಾಸ್ಪರ್ಧೆಗೆ ಅದನ್ನೂ ಕಲಿಸಿರುತ್ತಾರೆ.

ಅರ್ಜಿಯ ನೋಟಿಸು ಪಂಚಾಯಿತಿಯ ಗೋಡೆಗೆ ಅಂಟಿದಾಗ ಬಿತ್ತನೆ ಮುಗಿದು ವಾರವಾಗಿತ್ತು. ಗುಡ್ಡವನ್ನು ಕಲ್ಲು ತೆಗೆಯಲು ಗುತ್ತಿಗೆಗೆ ಕೇಳಿ ಯಾರೋ ಅರ್ಜಿ ಹಾಕಿದ್ದಾರೆ, ತಕರಾರು ಇದ್ದವರು ಒಂದು ತಿಂಗಳೊಳಗೆ ಹೇಳಬೇಕು ಎಂದಿತ್ತು. ನಾನು ಚಳ್ಳಕೆರೆಯ ಒಂದು ತರಬೇತಿ ಕೇಂದ್ರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ತಾರ್ಕಿಕ ಸಾಮರ್ಥ್ಯದ ಪಾಠ ಹೇಳುತ್ತೇನೆ. ಅವ್ವ ಫೋನು ಮಾಡಿ ಹೇಳಿದ್ದಕ್ಕೆ ರಜೆ ಹಾಕಿ ತಾಲ್ಲೂಕು ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ನಿಧಾನದ ಮನುಷ್ಯ, ಕಡತ ತೆಗೆದು ತೋರಿಸಿದರು. ದಾಖಲೆಯಲ್ಲಿ ಇಡೀ ಗುಡ್ಡಕ್ಕೆ ಇದ್ದದ್ದು ಒಂದೇ ಪದ: ಖರಾಬು.

“ಖರಾಬು ಅಂದ್ರೆ ಯಾರಿಗೂ ಉಪಯೋಗಕ್ಕೆ ಬಾರದ್ದು ಅಂತ,” ಅಂದರು. “ಉಪಯೋಗ ಐತೆ ಅನ್ನೋದಾದ್ರೆ ಉಪಯೋಗಿಸೋರೇ ಹೇಳ್ಬೇಕು. ಊರೋರೆಲ್ಲ ಸೇರಿ ಸಹಿ ಹಾಕಿದ್ರೆ ತೂಕ ಇರಲ್ಲ ಕಣ್ರಿ. ದಿನಾ ಅಲ್ಲಿರೋರು ಯಾರು?”

“ನಮ್ಮ ಮಾವ. ಆದರೆ ಸುಗ್ಗಿವರೆಗೂ ಇಳಿಯಂಗಿಲ್ಲ.”

“ಹೇಳಿಕೆ ಬರ್ಕೊಂಡು ಹೆಬ್ಬೆಟ್ಟು ಒತ್ತಿಸ್ಕೊಂಡು ಬನ್ನಿ. ನಿಮ್ಮ ಹಟ್ಟಿ ಯಜಮಾನ್ರು ಸಾಕ್ಷಿ ಹಾಕ್ಲಿ. ತಗೋತೀನಿ.”

ಇಷ್ಟು ಸುಲಭವಿತ್ತು. ಒಂದು ಹೆಬ್ಬೆಟ್ಟು. ಹಟ್ಟಿಗೆ ಹೋದರೆ ಯಾರಿಗೂ ಆತಂಕವೇ ಇರಲಿಲ್ಲ. ಯಜಮಾನರು, ಹಟ್ಟಿಯ ಹಿರಿಯರು, ಬೇವಿನ ಕೆಳಗೆ ಬೀಡಿ ಸೇದುತ್ತ ಕೂತಿದ್ದರು. ನೋಟಿಸು ಬಂದ ಮರುದಿನವೇ ಗುಡ್ಡ ಹತ್ತಿ ದೇವರಿಗೆ ಹೂವು ಕೇಳಿದ್ದರಂತೆ. ಅಲ್ಲಿ ದೇವರೆಂದರೆ ಒಂದು ಕಲ್ಲು, ಅದರ ನೆತ್ತಿಯ ಎರಡೂ ಬದಿಗೆ ಒದ್ದೆ ಮಾಡಿದ ತಂಗಡಿ ಹೂ ಅಂಟಿಸಿ ಕಾಯುತ್ತಾರೆ. ದೇವರ ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ಗುಡ್ಡ ಉಳಿಯುತ್ತದೆಯೇ ಎಂದು ಕೇಳಿದ್ದರು. ಬಲಕ್ಕೆ ಬಿದ್ದಿತ್ತು.

“ಚೂಡಪ್ಪಾ,” ಎಂದು, ನೋಡಪ್ಪಾ ಎನ್ನುವುದನ್ನು ತೆಲುಗಿನಲ್ಲೇ ಹೇಳಿ, ಶುರು ಮಾಡಿದರು ಯಜಮಾನರು. ಗಡಿ ಸೀಮೆ, ಮಾತಿಗೊಂದು ತೆಲುಗು. “ಸ್ವಾಮಿ ಮಾತು ಕೊಟ್ಟೈತೆ. ಮತ್ತೆ ಕಾಗದ ಬರೆದ್ರೆ ಸ್ವಾಮಿ ಮಾತು ಸಾಲ್ದು ಅಂದಂಗಾಗ್ತೈತೆ. ಕಿಲಾರಿ ಒಪ್ಪಿದ್ರೆ ನಂದೇನೂ ಇಲ್ಲ.”

ತಕರಾರಿನ ಗಡುವಿಗೆ ಹತ್ತು ದಿನ ಉಳಿದಿತ್ತು. ಯಜಮಾನರ ಮತ್ತು ಹಟ್ಟಿಯ ಇನ್ನಿಬ್ಬರ ಜೊತೆ ಬೆಳಿಗ್ಗೆಯೇ ಹತ್ತಿದೆ. ಹೆಬ್ಬೆಟ್ಟಿನ ಮಸಿಯ ಡಬ್ಬಿ ಜೇಬಿನಲ್ಲಿತ್ತು. ಬುಡದಲ್ಲಿ ಯಜಮಾನರು ಅದನ್ನು ಬೆರಳಿನಿಂದ ಕುಟ್ಟಿ ನೋಡಿ, “ತಗಡು” ಎಂದರು. ಇಪ್ಪತ್ತು ನಿಮಿಷ ಹುಡುಕಿ, ಯಾರದೋ ಹೊಲದ ಬದುವಿನಲ್ಲಿ ಸಿಕ್ಕ ಪ್ಲಾಸ್ಟಿಕ್ ಮುಚ್ಚಳಕ್ಕೆ ಮಸಿಯ ಬಟ್ಟೆಯನ್ನು ಕಿತ್ತು ಹಾಕಿಕೊಂಡೆ. ಪೆನ್ನಿನ ತುದಿಯೂ ಲೋಹವೇ ಎಂದು ಅದನ್ನೂ ಇಡಿಸಿದರು. ಮೇಲೆ ಹೋದಾಗ ನನ್ನ ಬಲಗೈಯೆಲ್ಲ ನೀಲಿ. ಮಾವ ನೋಡಿ, “ಏನಲೇ, ಒಬ್ಬನೇ ಹೋಳಿ ಆಡಿದ್ಯಾ?” ಎಂದ.

ಬರೆದು ತಂದಿದ್ದ ಹೇಳಿಕೆಯ ಕಾಗದ ಓದಿ ಹೇಳಿದೆ. ಮಾವ ಕೇಳಿಸಿಕೊಂಡು ತಲೆಯಾಡಿಸಿದ. ಬೇಡ ಎಂದು.

“ಹೂವು ಕೊಟ್ಟ ಮೇಲೆ ಮುಗೀತಲೇ.”

ಆಗ ನಾನು ಅಲ್ಲಿಗೆ ಬಿಡಬೇಕಿತ್ತು. ಮಾರನೆಯ ದಿನ ಮತ್ತೆ ಹೋಗಬಹುದಿತ್ತು. ಅವ್ವನಿಂದ ಹೇಳಿಸಬಹುದಿತ್ತು. ದೇವರ ಮಾತು ನಡೆಯಲಿಕ್ಕೂ ಒಂದು ಕೈ ಬೇಕಲ್ಲ ಮಾವ, ಆ ಕೈ ನಿನ್ನದೇ ಯಾಕಾಗಬಾರದು ಎಂದು ಕೇಳಬಹುದಿತ್ತು. ಅವನ ನಂಬಿಕೆಯ ಒಳಗಿನಿಂದಲೇ ವಾದಿಸಲು ನನಗೆ ಬರುತ್ತಿತ್ತು. ಮಾಡಲಿಲ್ಲ. ನಂಬದ ಮಾತನ್ನು ನಂಬಿದ ಹಾಗೆ ಆಡುವುದು ಮೋಸ ಎಂದುಕೊಂಡೆ. ಇದು ಆಗ ನಾನು ನನಗೇ ಕೊಟ್ಟುಕೊಂಡ ಕಾರಣ. ನಿಜ ಹೇಳಬೇಕೆಂದರೆ, ಕೇಳುವವರು ಮೂವರಿದ್ದರು. ಸ್ಪರ್ಧೆಯಲ್ಲಿ ತೀರ್ಪುಗಾರರೂ ಮೂವರೇ ಇರುತ್ತಾರೆ.

“ಮಾವ, ಇಷ್ಟು ವರ್ಷದಲ್ಲಿ ಹೂವು ಎಡಕ್ಕೆ ಬಿದ್ದಿದ್ದು ಎಷ್ಟು ಸಲ?” ಎಂದು ಕೇಳಿದೆ.

“ಎರಡು ಸಲ.”

“ಯಾವಾಗ?”

ಸುಳ್ಳು ಗೊತ್ತಿಲ್ಲದವನು. ಯೋಚಿಸಿ ಹೇಳಿದ. “ಎರಡೂ ಸುಗ್ಗಿ ಮುಗಿದ ಮೇಲೇಯ. ಮೂಡಗಾಳಿ ಬಿಟ್ಟಿತ್ತು.”

“ಬಲಕ್ಕೆ ಬಿದ್ದಿದ್ದು?”

“ಉಳಿದಿದ್ದೆಲ್ಲ ಬಲಕ್ಕೇನೇ. ಮಳೆಗಾಲದಾಗೆ ಕೇಳೋದು ಜಾಸ್ತಿ.”

“ಮಳೆಗಾಲದಲ್ಲಿ ಗಾಳಿ ಯಾವ ಕಡೆಯಿಂದ ಬರ್ತೈತೆ?”

“ಪಡುವಲಿಂದ.”

ದೇವರು ಬಡಗಣಕ್ಕೆ ಮುಖ ಮಾಡಿ ನಿಂತಿತ್ತು. ಸುತ್ತ ಮೊಣಕಾಲೆತ್ತರದ ಮೂರು ಚಪ್ಪಡಿ, ಮೇಲೆ ಸೂರಿಲ್ಲ. ಪಡುವಣ ಗಾಳಿ ಅದರ ಎಡಗೆನ್ನೆಗೆ ಬಡಿಯುತ್ತದೆ. ನಾನು ಎದ್ದು ದೊಣೆಯ ಹತ್ತಿರವಿದ್ದ ಸೋರೆಬುರುಡೆಯಲ್ಲಿ ನೀರು ಮೊಗೆದು, ಯಜಮಾನರನ್ನು ಕೇಳಿ, ಕಲ್ಲಿನ ನೆತ್ತಿಯ ನಟ್ಟನಡುವೆ ಸುರಿದೆ. ನೀರು ಎರಡು ಕಡೆಗೂ ಒಡೆಯಲಿಲ್ಲ. ಎಲ್ಲವೂ ಬಲಕ್ಕೆ ಹರಿಯಿತು. ಇನ್ನೊಂದು ಬುರುಡೆ ಸುರಿದೆ. ಬಲಕ್ಕೆ. ಕಲ್ಲು ನಿಂತಿದ್ದ ಪೊರೆಯೇ ಆ ಕಡೆಗೆ ಇಳಿಜಾರು. ಯಾರೂ ನಿಲ್ಲಿಸಿದ ಕಲ್ಲಲ್ಲ ಅದು, ಅಲ್ಲೇ ಸವೆದು ಉಳಿದದ್ದು, ಪೊರೆಯ ಜೊತೆಗೆ ಅದೂ ವಾಲಿತ್ತು.

“ಗುಡ್ಡ ಉಳೀತೈತಾ ಅಂತ ಕೇಳಿದ್ರೂ ಬಲಕ್ಕೇ ಬೀಳ್ತೈತೆ,” ಎಂದೆ. “ಗುಡ್ಡ ಹೋಗ್ತೈತಾ ಅಂತ ಕೇಳಿದ್ರೂ ಬಲಕ್ಕೇ ಬೀಳ್ತೈತೆ. ಬೇಕಾದ್ರೆ ಈಗಲೇ ಕೇಳಿ.”

ಯಾರೂ ಕೇಳಲಿಲ್ಲ. ಯಜಮಾನರು ಕೆಮ್ಮಿದರು. ಜೊತೆಗಿದ್ದವರಲ್ಲಿ ಒಬ್ಬ, “ಹೌದಲ್ಲ” ಎಂದು ಮೆಲ್ಲಗೆ ಹೇಳಿ, ಹೇಳಿದ್ದಕ್ಕೆ ನಾಚಿ ಬೇರೆ ಕಡೆ ನೋಡಿದ. ನನಗೆ ಸಂತೋಷವಾಗಿತ್ತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅಷ್ಟು ಚೊಕ್ಕವಾಗಿ ನಾನು ಯಾವ ವೇದಿಕೆಯಲ್ಲೂ ಗೆದ್ದಿರಲಿಲ್ಲ. ಪ್ಲಾಸ್ಟಿಕ್ ಮುಚ್ಚಳವನ್ನು ಮಾವನ ಮುಂದೆ ಇಟ್ಟೆ.

ಮಾವ ಕಲ್ಲಿನ ಮೇಲಿನ ನೀರು ಆರುವುದನ್ನು ನೋಡುತ್ತಿದ್ದ.

“ನನ್ನ ಆರಿಸಿದ್ದೂ ಈ ಹೂವೇ ಅಲ್ಲೇನಲೇ,” ಎಂದ.

ಅದು ನನಗೆ ಗೊತ್ತಿತ್ತು. ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಅಷ್ಟೇ. ಹಿಂದಿನ ಕಿಲಾರಿ ತೀರಿಕೊಂಡಾಗ ಹಟ್ಟಿಯ ನಾಲ್ಕು ಮನೆಗಳ ನಾಲ್ಕು ಗಂಡುಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಹೆಸರು ಹೇಳಿ ಹೂವು ಕೇಳಿದ್ದರಂತೆ. ಮೊದಲ ಹೆಸರಿಗೇ ಬಲಕ್ಕೆ ಬಿತ್ತು. ಉಳಿದ ಮೂವರನ್ನು ಕೇಳಲೇ ಇಲ್ಲ. ಆ ಮೂವರೂ ಆಮೇಲೆ ಮದುವೆಯಾಗಿ, ಹೊಲ ಮಾಡಿಕೊಂಡು, ಮೊಮ್ಮಕ್ಕಳನ್ನು ಕಂಡರು. ಅವರಲ್ಲಿ ಒಬ್ಬರು ಈ ಯಜಮಾನರೇ.

“ಸಾಲಿನಾಗೆ ನಾನು ಮೊದಲು ನಿಂತಿದ್ದೆ,” ಎಂದ ಮಾವ, ಯಜಮಾನರ ಕಡೆ ತಿರುಗಿ. “ಯಾಕೆ ಮೊದಲು ನಿಂತಿದ್ನಪ್ಪ ನಾನು?”

ಯಜಮಾನರು ನೆಲ ನೋಡುತ್ತ ಹೇಳಿದರು. “ಕುಳ್ಳ ಅಂತ ನಿನ್ನ ಮುಂದೆ ನಿಲ್ಲಿಸಿದ್ರು.”

“ಕುಳ್ಳ ಅಂತ,” ಎಂದ ಮಾವ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹೊಸ ವಿಷಯವನ್ನು ತಿಳಿದುಕೊಳ್ಳುವವನ ಹಾಗೆ ಇನ್ನೊಮ್ಮೆ ಹೇಳಿಕೊಂಡ. “ಹಂಗಾದ್ರೆ ಕುಳ್ಳಗಿದ್ದಿದ್ದಕ್ಕೆ.”

ನಾನು ಬೇಗ ಬೇಗ ಮಾತಾಡಿದೆ. ಆರಿಸಿದ್ದು ಹೇಗಾದರೂ ಇರಲಿ, ಐವತ್ತು ವರ್ಷ ಕಾದದ್ದು ನೀನೇ, ಅದು ಸತ್ಯ, ಅದಕ್ಕೆ ಹೂವೂ ಬೇಡ ದೇವರೂ ಬೇಡ, ಕಾಗದದಲ್ಲಿ ಬರೆದಿರುವುದೂ ಅಷ್ಟೇ ಎಂದೆ. ಒಳ್ಳೆಯ ವಾದವೇ. ಇವತ್ತಿಗೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಮಾವ ಕೇಳಿಸಿಕೊಂಡ. ಆಮೇಲೆ, “ದನ ಕೆಳಗಿನ ದೊಣೆಗೆ ಹೋಗೋ ಹೊತ್ತು. ನೀವು ಹೊರಡ್ರಿ,” ಎಂದ. ಮುಚ್ಚಳವನ್ನು ಮುಟ್ಟಲಿಲ್ಲ. ಅಳಿಯಾ ಎಂದು ಕರೆಯಲಿಲ್ಲ. ನನ್ನನ್ನೂ ಸೇರಿಸಿ ‘ನೀವು’ ಎಂದಿದ್ದ.

ಮೂರನೆಯ ದಿನ ಚಳ್ಳಕೆರೆಗೆ ಅವ್ವನ ಫೋನು ಬಂತು. “ನಿಮ್ಮ ಮಾವ ಇಳಿದು ನಮ್ಮನೆಗೆ ಬಂದು ಕುಂತವ್ನೆ. ಏನಂದ್ಯೋ ನೀನು ಅವನಿಗೆ?”

ಬೆಳೆ ಇನ್ನೂ ಮೊಣಕಾಲಿಗೆ ಬಂದಿರಲಿಲ್ಲ. ಆ ಕಾಲದಲ್ಲಿ ಕಿಲಾರಿ ಇಳಿದದ್ದನ್ನು ಹಟ್ಟಿಯಲ್ಲಿ ಬದುಕಿದ್ದವರು ಯಾರೂ ಕಂಡಿರಲಿಲ್ಲ. ಬೇರೆ ಕಿಲಾರಿಯನ್ನು ಆರಿಸೋಣವೆಂದರೆ ಹೇಗೆ ಆರಿಸುವುದು? ಹೂವು ಕೇಳಬೇಕು. ನೀರು ಬಲಕ್ಕೆ ಹರಿದದ್ದನ್ನು ಮೂವರು ನೋಡಿದ್ದರು, ಸಂಜೆಯೊಳಗೆ ಹಟ್ಟಿಗೆಲ್ಲ ಗೊತ್ತಾಗಿತ್ತು. ಸಾಲಿನಲ್ಲಿ ತಮ್ಮ ಮಗನನ್ನು ಮೊದಲು ನಿಲ್ಲಿಸಲು ಯಾವ ತಾಯಿ ಒಪ್ಪುತ್ತಾಳೆ? ದಿನಕ್ಕೊಬ್ಬರಂತೆ ಕಾಯೋಣ ಎಂದು ನಾಲ್ಕು ದಿನ ನಡೆಸಿದರು. ಗುಡ್ಡದ ದನ ಗುಡ್ಡದವನ ಕೂಗಿಗೆ ಮಾತ್ರ ತಿರುಗುತ್ತವೆ. ಅವು ಇಳಿದು ಶೇಂಗಾಕ್ಕೆ ಬಿದ್ದವು, ಜಗಳವಾಯಿತು, ಒಂದು ಕರುವಿನ ಕಾಲು ಮುರಿಯಿತು. ಕೊನೆಗೆ ನಾಯಕನಹಟ್ಟಿ ಕಡೆಯ ಇನ್ನೊಂದು ಹಟ್ಟಿಯ ದೇವರ ಮಂದೆಗೆ ಎಂಬತ್ತನ್ನೂ ಹೊಡೆದುಕೊಟ್ಟರು. ದಾರಿಯುದ್ದಕ್ಕೂ ಟಾರು ರಸ್ತೆಯಲ್ಲೇ ನಡೆಸಿದರಂತೆ. ಬೇರೆ ಎಲ್ಲೂ ಕಾಲಿಡುವ ಹಾಗಿರಲಿಲ್ಲ.

ನಾನು ತಕರಾರಿನ ಕೊನೆಯ ದಿನ ಮಾವನನ್ನು ಕಚೇರಿಗೆ ಕರೆದೊಯ್ದೆ. ಕರೆದ ತಕ್ಷಣ ಎದ್ದು ಬಂದ. ಅವ್ವ ಅಪ್ಪನ ಅಂಗಿ ತೊಡಿಸಿದ್ದಳು, ಚಪ್ಪಲಿ ಕೊಡಿಸಿದ್ದಳು. ವರ್ಷಕ್ಕೆ ಐದು ತಿಂಗಳು ಬಂಡೆಯ ಮೇಲೆ ಬರಿಗಾಲಲ್ಲಿ ಓಡಾಡುತ್ತಿದ್ದವನು ಕಚೇರಿಯ ನುಣುಪು ನೆಲದ ಮೇಲೆ ಎರಡು ಸಲ ಜಾರಿದ. ಗುಮಾಸ್ತರು ಕಾಗದ ಓದಿ, ಮಸಿ ಕೊಟ್ಟರು. ಎಲ್ಲಿ ಒತ್ತಬೇಕು ಎಂದು ಮಾವ ನನ್ನನ್ನು ಕೇಳಿದ. ತೋರಿಸಿದೆ. ಒತ್ತಿದ.

ಗುಮಾಸ್ತರು ಕಾಗದವನ್ನು ಕಡತಕ್ಕೆ ಸೇರಿಸುವ ಮುಂಚೆ, ಎದುರಿಗೇ ಇದ್ದಾರಲ್ಲ ಎಂದು ಮಾವನನ್ನೇ ಕೇಳಿದರು. “ಯಜಮಾನ್ರೇ, ನೀವು ಆ ಗುಡ್ಡದಾಗೆ ದನ ಕಾಯ್ತೀರಾ?”

“ಕಾಯ್ತಿದ್ದೆ.”

“ಈಗ?”

“ಇಲ್ಲ.”

“ಈಗ ನಾಲ್ಕು ದಿನದಿಂದ ಹುಷಾರಿಲ್ಲ ಸಾರ್, ಅದಕ್ಕೆ,” ಎಂದೆ ನಾನು. ಸುಳ್ಳು. ಗುಡ್ಡದ ಮೇಲೆ ಮೋಸವಾಗಬಾರದೆಂದು ಪಟ್ಟು ಹಿಡಿದವನು ನಾನೇ.

“ಅವರನ್ನ ಕೇಳ್ತಿದೀನಿ ಕಣ್ರಿ. ಯಜಮಾನ್ರೇ, ದನ ಈಗ ಗುಡ್ಡದಾಗೆ ಅವಾ?”

“ಇಲ್ಲ. ಹೊಡ್ಕೊಟ್ರು.”

“ಮತ್ತೆ ಹತ್ತಿಸ್ತೀರಾ?”

ಮಾವ ನನ್ನ ಕಡೆ ನೋಡಿದ. ನಾನು ಕಣ್ಣಲ್ಲೇ ಹೌದು ಅನ್ನು ಎಂದೆ. ಅವನು ಸುಳ್ಳು ಹೇಳಲು ಪ್ರಯತ್ನಿಸಿದ ಎಂದೇ ನನಗನ್ನಿಸುತ್ತದೆ. ಆಮೇಲೆ, “ನನ್ನ ದೇವರೇನು ಆರಿಸಿದ್ದಲ್ಲ ಸ್ವಾಮಿ. ಕುಳ್ಳ ಅಂತ ಕಳಿಸಿದ್ರು,” ಎಂದ.

ಗುಮಾಸ್ತರಿಗೆ ಅರ್ಥವಾಗಲಿಲ್ಲ. ಕಾಗದದ ಅಂಚಿನಲ್ಲಿ ಬರೆದರು: ಸದರಿ ಗುಡ್ಡ ಹಾಲಿ ಬಳಕೆಯಲ್ಲಿ ಇರುವುದಿಲ್ಲ. ಅವರು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಈಗ ಗುಡ್ಡದ ಪಡುವಲ ಮೈ ಇಲ್ಲ. ತಂತಿ ಹಾಕಿ ಬಂಡೆಯನ್ನು ಬೆಣ್ಣೆಯ ಹಾಗೆ ಚೌಕ ಚೌಕ ಕೊಯ್ದು ಲಾರಿಗೆ ಏರಿಸುತ್ತಾರೆ. ಏಳು ದೊಣೆಗಳಲ್ಲಿ ಐದು ಒಣಗಿವೆ, ಎರಡನ್ನು ಯಂತ್ರ ತಂಪು ಮಾಡುವ ನೀರಿಗೆ ಇಟ್ಟುಕೊಂಡಿದ್ದಾರೆ. ದೇವರು ಸಿಟ್ಟಾಗಿದ್ದಾನೆ ಎಂದು ಹಟ್ಟಿಯಲ್ಲಿ ಯಾರೂ ಹೇಳುವುದಿಲ್ಲ. ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು, ಎದುರು ವಾದಿಸಲು ಏನಾದರೂ ಸಿಗುತ್ತಿತ್ತು. ನಾನು ಈಗಲೂ ದೇವರನ್ನು ನಂಬುವುದಿಲ್ಲ. ಕಲ್ಲು ಬಲಕ್ಕೆ ವಾಲಿತ್ತು, ನೀರು ಬಲಕ್ಕೆ ಹರಿಯಿತು, ಅದರಲ್ಲಿ ಅನುಮಾನವಿಲ್ಲ. ಆ ಮುಂಜಾನೆಯ ವಾದವನ್ನು ಎಷ್ಟು ಸಲ ಬಿಚ್ಚಿ ನೋಡಿದ್ದೇನೋ, ಎಲ್ಲಿಯೂ ಸಡಿಲವಿಲ್ಲ. ಎಲ್ಲಾದರೂ ಒಂದು ತಪ್ಪು ಸಿಕ್ಕಿದ್ದರೆ ಹೋಗಿ ಮಾವನ ಕಾಲು ಹಿಡಿದು ಹೇಳಬಹುದಿತ್ತು.

ಆ ದಿನ ಕಚೇರಿಯಿಂದ ಹೊರಗೆ ಬಂದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತೆವು. ಮಾವ ಅಂಗಿಯ ಚುಂಗಿಗೆ ಹೆಬ್ಬೆರಳು ಒರೆಸುತ್ತಿದ್ದ. ಬಹಳ ಹೊತ್ತು ಒರೆಸಿದ ಮೇಲೆ ಕೇಳಿದ.

“ಈಗ ನಾನೇನು ಮಾಡ್ಲಿ ಹೇಳಪ್ಪ.”

ಚುಚ್ಚಿ ಕೇಳಿದ್ದಲ್ಲ. ತಿಳಿದವನನ್ನು ತಿಳಿಯದವನು ಕೇಳುವ ಹಾಗೆ ಕೇಳಿದ. ಸುತ್ತಲಿನದೆಲ್ಲ ಸವೆದುಹೋಗಿ ಒಬ್ಬ ಮನುಷ್ಯ ಅಲ್ಲಿ ಕೂತಿದ್ದ.

“ಹೇಳು, ಮಾಡ್ತೀನಿ,” ಎಂದ.

ರಾಂಪುರದ ಬಸ್ಸು ಬಂತು. ಹತ್ತು ಮಾವ, ಎಂದೆ. ಹತ್ತಿದ.